ಎರಡು ದಿನದಲ್ಲಿ ಬೇಕು ಅಂತ ಕೇಳಿದ್ದು ಯಾರು? – ಸಪ್ಲೈ ಚೈನಿನಲ್ಲಿ ಖರ್ಚು, ಸೇವೆ ಮತ್ತು ಪರಿಸರ

(ಪುಣೆಯಲ್ಲಿ ನಡೆದ ಮಾತಿನ ಬರಹರೂಪ. ಓದೋದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ, ಉಳಿದಂತೆ ಮಾತು ಇದ್ದ ಹಾಗೇ ಇದೆ.)



ನಾನು ಪುಣೆಗೆ ಬಂದು ಹದಿನೇಳು ವರ್ಷ ಆಯ್ತು. ಇಲ್ಲಿ ಕನ್ನಡದವರು ಸಿಕ್ಕಾಗೆಲ್ಲ ಊಟ, ಊರು, ಸಿನಿಮಾ ಅಂತ ಮಾತಾಡಿದ್ದೀನಿ. ಆದರೆ ನನ್ನ ಕೆಲಸದ ಬಗ್ಗೆ ಕನ್ನಡದಲ್ಲಿ ಮಾತಾಡ್ತಿರೋದು ಇದೇ ಮೊದಲು. ನಾನು ಏನು ಕೆಲಸ ಮಾಡ್ತೀನಿ ಅಂತ ನಮ್ಮಮ್ಮನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಯಾರಾದ್ರೂ ಕೇಳಿದ್ರೆ "ಅವನು ಲಾರಿ ಆಫೀಸಿನಲ್ಲಿದ್ದಾನೆ" ಅಂತಾರೆ. ತೀರಾ ತಪ್ಪೇನೂ ಅಲ್ಲ ಬಿಡಿ.

ನನ್ನ ಕೆಲಸ ಸಪ್ಲೈ ಚೈನ್ ವಿನ್ಯಾಸ. ಒಂದು ಸಾಬೂನು ಕಾರ್ಖಾನೆಯಿಂದ ಗದಗದ ಅಂಗಡಿಗೆ ಬರಬೇಕು ಅಂದ್ಕೊಳ್ಳಿ. ಗೋದಾಮು ಎಲ್ಲಿರಬೇಕು? ಅಲ್ಲಿ ಎಷ್ಟು ದಾಸ್ತಾನು ಇರಬೇಕು? ಯಾವ ಗಾಡಿಯಲ್ಲಿ ಕಳಿಸಬೇಕು? ವಾರಕ್ಕೆ ಎಷ್ಟು ಸಲ ಕಳಿಸಬೇಕು? ಈ ನಾಲ್ಕು ಪ್ರಶ್ನೆಗೆ ಉತ್ತರ ಹುಡುಕೋದೇ ನಮ್ಮ ಕೆಲಸ. ಉತ್ತರ ಹುಡುಕುವಾಗ ಮೂರು ವಿಷಯ ಒಂದಕ್ಕೊಂದು ಜಗಳಕ್ಕೆ ಬೀಳತ್ತೆ: ಖರ್ಚು, ಸೇವೆ, ಪರಿಸರ. ಮೀಟಿಂಗ್‌ಗಳಲ್ಲಿ ಇದನ್ನ ತ್ರಿಕೋನ ಬರೆದು ತೋರಿಸ್ತಾರೆ. "ಮೂರರಲ್ಲಿ ಎರಡು ಸಿಗತ್ತೆ, ಒಂದನ್ನ ಬಿಡಬೇಕು" ಅಂತಾರೆ. ನಾನೂ ಹಾಗೇ ಹೇಳ್ಕೊಂಡು ಓಡಾಡಿದವನೇ.

ಇವತ್ತು ನಾನೇ ಕೈಯಾರೆ ಮಾಡಿದ ಒಂದು ತಪ್ಪಿನ ಕತೆ ಹೇಳ್ತೀನಿ. ಕಂಪನಿ ಹೆಸರು ಬೇಡ. ಮನೆಬಳಕೆ ಸಾಮಾನು ಮಾಡೋ ಕಂಪನಿ, ಸಾಬೂನು, ಬಿಸ್ಕತ್ತು, ಅಂಥದ್ದು. ಅಷ್ಟು ಗೊತ್ತಿದ್ರೆ ಸಾಕು.

ತೆರಿಗೆ ಕಟ್ಟಿಸಿದ ಗೋದಾಮುಗಳು

ಮೊದಲು ಸ್ವಲ್ಪ ಹಿನ್ನೆಲೆ. 2017ಕ್ಕಿಂತ ಮುಂಚೆ ನಮ್ಮ ದೇಶದಲ್ಲಿ ಗೋದಾಮು ಎಲ್ಲಿರಬೇಕು ಅಂತ ಎಷ್ಟೋ ಕಡೆ ತೀರ್ಮಾನ ಮಾಡ್ತಿದ್ದದ್ದು ಎಂಜಿನಿಯರ್ ಅಲ್ಲ, ತೆರಿಗೆ ಲೆಕ್ಕದವರು. ಮಹಾರಾಷ್ಟ್ರದ ಕಂಪನಿ ಕರ್ನಾಟಕದ ವ್ಯಾಪಾರಿಗೆ ನೇರವಾಗಿ ಮಾರಿದ್ರೆ ಶೇ. 2ರಷ್ಟು ಕೇಂದ್ರ ಮಾರಾಟ ತೆರಿಗೆ ಬೀಳ್ತಿತ್ತು. ಆ ದುಡ್ಡು ಮುಂದೆ ಯಾರಿಗೂ ವಾಪಸ್ ಸಿಗ್ತಿರಲಿಲ್ಲ. ಅದೇ ಸರಕನ್ನ ಕರ್ನಾಟಕದಲ್ಲಿರೋ ತನ್ನದೇ ಡಿಪೋಗೆ ಸ್ಟಾಕ್ ಟ್ರಾನ್ಸ್‌ಫರ್ ಅಂತ ಕಳಿಸಿ, ಅಲ್ಲಿಂದ ಮಾರಿದ್ರೆ ಆ ತೆರಿಗೆ ಇಲ್ಲ. ಹಾಗಾಗಿ ವ್ಯಾಪಾರ ಇರಲಿ ಬಿಡಲಿ, ರಾಜ್ಯಕ್ಕೊಂದು ಡಿಪೋ.

ಮುಂಬೈನವರಿಗೆ ಇದರ ಇನ್ನೊಂದು ಮುಖ ಗೊತ್ತು, ಭಿವಂಡಿ. ಅಲ್ಲಿ ಅಷ್ಟೊಂದು ಗೋದಾಮು ಬೆಳೆಯೋಕೆ ಒಂದು ದೊಡ್ಡ ಕಾರಣ ಮುಂಬೈನ ಆಕ್ಟ್ರಾಯ್. ನಾಕಾದ ಹೊರಗೆ ಸರಕು ಇಟ್ಕೊಂಡು, ಬೇಕಾದಷ್ಟನ್ನ ಮಾತ್ರ ತೆರಿಗೆ ಕಟ್ಟಿ ಒಳಗೆ ತರೋದು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ರಾಜ್ಯದ ಗಡಿ ದಾಟಿ ಮಾರಿದ್ರೂ ಕಟ್ಟಿದ ತೆರಿಗೆಗೆ ಮುಂದಿನವನಿಗೆ ಕ್ರೆಡಿಟ್ ಸಿಗತ್ತೆ. ಮುಂಬೈನ ಆಕ್ಟ್ರಾಯ್ ಹೋಯ್ತು. ರಾಜ್ಯದ ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ತೆರಿಗೆ ಕಾಗದಕ್ಕಾಗಿ ಲಾರಿ ಸಾಲುಗಟ್ಟಿ ನಿಲ್ಲೋದು ತಪ್ಪಿತು. ನಮ್ಮಂಥವರಿಗೆ ಹಬ್ಬ! ಖಾಲಿ ಹಾಳೆ ಕೊಟ್ಟು "ಈಗ ನಿಮಗೆ ಬೇಕಾದ ಹಾಗೆ ಬರೆಯಿರಿ" ಅಂದಂಗಾಯ್ತು. ಎಲ್ಲಾ ಕಂಪನಿಗಳೂ ಸಣ್ಣ ಡಿಪೋ ಮುಚ್ಚಿ ದೊಡ್ಡ ಗೋದಾಮು ಮಾಡೋಕೆ ಹೊರಟವು. ನಾವೂ ಹೊರಟ್ವಿ.

ನಮ್ಮ ಕಂಪನಿಗೆ ಕರ್ನಾಟಕದಲ್ಲಿ ಎರಡು ಡಿಪೋ ಇತ್ತು, ಬೆಂಗಳೂರು ಮತ್ತು ಹುಬ್ಬಳ್ಳಿ. ಹುಬ್ಬಳ್ಳಿದು ಚಿಕ್ಕದು. ಅದನ್ನ ಮುಚ್ಚಿ, ಉತ್ತರ ಕರ್ನಾಟಕಕ್ಕೆ ಪುಣೆ ಪಕ್ಕದ ಚಾಕಣ್‌ನಲ್ಲಿರೋ ದೊಡ್ಡ ಗೋದಾಮಿನಿಂದಲೇ ಕಳಿಸೋದು ಅಂತ ತೀರ್ಮಾನ ಆಯ್ತು. ಆ ಎಕ್ಸೆಲ್ ಮಾಡಿದವನು ನಾನು.

ನಾಲ್ಕು ಅಣ್ಣತಮ್ಮಂದಿರ ಅಕ್ಕಿ

ಗೋದಾಮು ಕಡಿಮೆ ಮಾಡೋದು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದರಲ್ಲಿ ನಿಜವಾದ ಲಾಭ ಇದೆ. ಹೀಗೆ ಯೋಚನೆ ಮಾಡಿ. ನಾಲ್ಕು ಜನ ಅಣ್ಣತಮ್ಮಂದಿರು, ನಾಲ್ಕು ಬೇರೆ ಮನೆ. ಯಾವತ್ತು ನೆಂಟರು ಬರ್ತಾರೋ ಗೊತ್ತಿಲ್ಲ ಅಂತ ನಾಲ್ಕೂ ಮನೆಯಲ್ಲಿ ಒಂದೊಂದು ಮೂಟೆ ಅಕ್ಕಿ ಹೆಚ್ಚಿಗೆ ಇಟ್ಟಿರ್ತಾರೆ. ಅದೇ ಒಂದೇ ಮನೆಯಲ್ಲಿದ್ರೆ? ನಾಲ್ಕು ಜನರ ನೆಂಟರೂ ಒಂದೇ ದಿನ ಬರೋದಿಲ್ಲ. ನಾಲ್ಕು ಮೂಟೆ ಬೇಡ, ಎರಡು ಸಾಕು.

ಇದು ಬರೀ ಅಂದಾಜಲ್ಲ, ಇದಕ್ಕೊಂದು ಲೆಕ್ಕ ಇದೆ. ನಾವು ವರ್ಗಮೂಲದ ನಿಯಮ ಅಂತೀವಿ. ಬೇಡಿಕೆಯ ಏರಿಳಿತಕ್ಕಾಗಿ ಇಡೋ ಹೆಚ್ಚುವರಿ ದಾಸ್ತಾನು, ಗೋದಾಮಿನ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ ಬದಲಾಗತ್ತೆ. ಹದಿನಾರು ಡಿಪೋ ಇದ್ದದ್ದನ್ನ ನಾಲ್ಕು ಮಾಡಿದ್ರೆ ಆ ದಾಸ್ತಾನು ಅರ್ಧಕ್ಕೆ ಇಳಿಯತ್ತೆ. ಪ್ರತಿ ಊರಿನ ಬೇಡಿಕೆ ಹೆಚ್ಚೂಕಡಿಮೆ ಒಂದೇ ಥರ ಇದ್ದು, ಒಂದೂರಿಂದು ಇನ್ನೊಂದೂರಿಗೆ ಸಂಬಂಧ ಇಲ್ಲದಿದ್ರೆ ಮಾತ್ರ ಈ ಲೆಕ್ಕ ಸರಿಹೋಗೋದು. ಆದ್ರೂ ದಿಕ್ಕಂತೂ ಸರಿ.

ದಾಸ್ತಾನು ಕಡಿಮೆ ಆದ್ರೆ ಬಡ್ಡಿ ಉಳಿಯತ್ತೆ, ಬಾಡಿಗೆ ಉಳಿಯತ್ತೆ. ಅವಧಿ ಮುಗಿದು ಎಸೆಯೋ ಬಿಸ್ಕತ್ತಿನ ಪೊಟ್ಟಣ ಕಡಿಮೆ ಆಗತ್ತೆ. ಎಸೆಯೋ ಬಿಸ್ಕತ್ತಿನಲ್ಲಿ ಗೋಧಿ ಇದೆ, ಸಕ್ಕರೆ ಇದೆ, ಒಲೆಯ ಗ್ಯಾಸ್ ಇದೆ. ಹಾಗಾಗಿ ಪರಿಸರಕ್ಕೂ ಒಳ್ಳೇದೇ. ನನ್ನ ಪ್ರೆಸೆಂಟೇಷನ್ನಿನಲ್ಲಿ ಒಂದು ಹಸಿರು ಎಲೆಯ ಚಿತ್ರವೂ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು.

ಶಿರೋಲಿಯಲ್ಲಿ ನಿಂತ ಲಾರಿಗಳು

2019ರ ಆಗಸ್ಟ್. ಕೊಲ್ಹಾಪುರದಲ್ಲಿ ಪಂಚಗಂಗಾ ಉಕ್ಕಿ, ಶಿರೋಲಿ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿ ನೀರಲ್ಲಿ ಮುಳುಗಿತು. ಸುಮಾರು ಒಂದು ವಾರ ರಸ್ತೆ ಬಂದ್. ನಿಮ್ಮಲ್ಲಿ ಎಷ್ಟೋ ಜನ ಆಗ ಊರಿಗೆ ಹೋಗೋಕಾಗದೆ ಬಸ್ ಟಿಕೆಟ್ ಕ್ಯಾನ್ಸಲ್ ಮಾಡಿರ್ತೀರಿ. ಲಾರಿಗಳು ಹೆದ್ದಾರಿ ಬದಿಯಲ್ಲಿ ಕಿಲೋಮೀಟರ್‌ಗಟ್ಟಲೆ ನಿಂತಿದ್ವು. ಅದರಲ್ಲಿ ನಮ್ಮ ಸರಕಿನ ಲಾರಿಗಳೂ ಇದ್ವು.

ಅದೇ ವಾರ ಬೆಳಗಾವಿ, ಬಾಗಲಕೋಟೆ, ಧಾರವಾಡ, ಗದಗ ಜಿಲ್ಲೆಗಳಲ್ಲೂ ನೆರೆ. ಮನೆ ಕಳ್ಕೊಂಡವರು ಶಾಲೆಗಳಲ್ಲಿ, ಕಲ್ಯಾಣಮಂಟಪಗಳಲ್ಲಿ ಇದ್ರು. ಅಂಥ ಹೊತ್ತಿಗೆ ಜನರಿಗೆ ಬೇಕಾಗಿದ್ದದ್ದೇ ಸಾಬೂನು, ಬಿಸ್ಕತ್ತು. ಹುಬ್ಬಳ್ಳಿ ಡಿಪೋ ಇದ್ದಿದ್ರೆ ಅಲ್ಲಿ ಎರಡು ಮೂರು ವಾರದ ಸರಕು ಇರ್ತಿತ್ತು. ಎಲ್ಲಾ ಊರಿಗೂ ಹೋಗೋಕಾಗ್ತಿರಲಿಲ್ಲ, ಒಳರಸ್ತೆಗಳೂ ಎಷ್ಟೋ ಕಡೆ ಕೊಚ್ಚಿಹೋಗಿದ್ವು. ಆದರೆ ಎಷ್ಟೋ ಊರಿಗೆ ಹೋಗಬಹುದಿತ್ತು. ಬೆಂಗಳೂರಿಂದ ಕೆಲವು ಗಾಡಿ ಕಳಿಸಿದ್ವಿ. ಅಲ್ಲಿನ ದಾಸ್ತಾನು ಅಲ್ಲಿಗಷ್ಟೇ ಲೆಕ್ಕ ಹಾಕಿ ಇಟ್ಟದ್ದು, ಮೂರೇ ದಿನಕ್ಕೆ ಅದೂ ಮುಗೀತು.

2021ರ ಜುಲೈನಲ್ಲಿ ಅದೇ ಜಾಗದಲ್ಲಿ ರಸ್ತೆ ಮತ್ತೆ ಕೆಲವು ದಿನ ಮುಚ್ಚಿತು. ಒಂದು ಸಲ ಆದರೆ ದುರದೃಷ್ಟ ಅನ್ನಬಹುದು. ಎರಡನೇ ಸಲ ಆದಾಗ ಅದನ್ನ ಲೆಕ್ಕಕ್ಕೆ ತಗೊಳ್ಳದೇ ಇದ್ದದ್ದು ನಮ್ಮ ತಪ್ಪು. ನನ್ನ ಎಕ್ಸೆಲ್‌ನಲ್ಲಿ ಚಾಕಣ್‌ನಿಂದ ಹುಬ್ಬಳ್ಳಿಗೆ ಎಷ್ಟು ಗಂಟೆ ಅಂತ ಒಂದು ಸರಾಸರಿ ಇತ್ತು, ಅಷ್ಟೇ. ರಸ್ತೆಯೇ ಇಲ್ಲದ ದಿನ ಅಂತ ಒಂದು ಇರಬಹುದು ಅನ್ನೋದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಪರಿಸರ ಅನ್ನೋದು ನಾವು ಪುಣ್ಯಕ್ಕೆ ಮಾಡೋ ಕೆಲಸ ಅಂದ್ಕೊಂಡಿದ್ದೆ. ಅದು ನಮ್ಮ ರಸ್ತೆಗೇ ಬಂದು ನಿಂತಿತ್ತು.

ತುಂಬದ ಲಾರಿ

ನೆರೆ ಇಳಿದ ಮೇಲೆ ನಾನು ಹಳೇ ಲೆಕ್ಕ ತೆಗೆದು ಕೂತೆ. ಆಗ ಇನ್ನೊಂದು ತಪ್ಪು ಸಿಕ್ತು. ನನ್ನ ಎಕ್ಸೆಲ್‌ನಲ್ಲಿ ಎಲ್ಲಾ ಲಾರಿಗಳೂ ತುಂಬಿಯೇ ಹೊರಟಿದ್ವು. ನಿಜವಾಗಿ ಹಾಗೆ ಆಗಿರಲಿಲ್ಲ.

ಕಂಪನಿ ವ್ಯಾಪಾರಿಗಳಿಗೆಲ್ಲ ಒಂದು ಮಾತು ಕೊಟ್ಟಿತ್ತು, ಆರ್ಡರ್ ಕೊಟ್ಟ 48 ಗಂಟೆಯಲ್ಲಿ ಸರಕು. ಹುಬ್ಬಳ್ಳಿಯಿಂದ ಇದು ಸುಲಭ. 450 ಕಿಲೋಮೀಟರ್ ದೂರದ ಚಾಕಣ್‌ನಿಂದ ಇದನ್ನ ಉಳಿಸಿಕೊಳ್ಳಬೇಕು ಅಂದ್ರೆ ಲಾರಿ ತುಂಬೋವರೆಗೂ ಕಾಯೋ ಹಾಗಿಲ್ಲ. ಅರ್ಧ, ಮುಕ್ಕಾಲು ತುಂಬಿದ ಸಣ್ಣ ಗಾಡಿ ದಿನಾ ಹೊರಡಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ಸುಲಭಕ್ಕೆ ದುಂಡು ಅಂಕಿ ಇಟ್ಕೊಂಡಿದ್ದೀನಿ. 20 ಟನ್ ಸರಕು ಚಾಕಣ್‌ನಿಂದ ಹುಬ್ಬಳ್ಳಿ ಭಾಗಕ್ಕೆ ಹೋಗಬೇಕು.

ಮೊದಲನೇ ದಾರಿ: ಒಂದೇ ದೊಡ್ಡ ಲಾರಿ, ಲೀಟರಿಗೆ 4 ಕಿಲೋಮೀಟರ್. ಹುಬ್ಬಳ್ಳಿಗೆ ಸುಮಾರು 112 ಲೀಟರ್ ಡೀಸೆಲ್. ಅಲ್ಲಿಂದ ಗದಗ, ಹಾವೇರಿ, ಧಾರವಾಡದ ಕಡೆ ಸಣ್ಣ ಗಾಡಿಯಲ್ಲಿ 150 ಕಿಲೋಮೀಟರಿನ ಮೂರು ಸುತ್ತು, ಇನ್ನೊಂದು 75 ಲೀಟರ್. ಒಟ್ಟು 190 ಲೀಟರ್ ಹತ್ತಿರ ಹತ್ತಿರ.

ಎರಡನೇ ದಾರಿ: ಏಳು ಟನ್ ಹಿಡಿಸೋ ಗಾಡಿಗಳು ಚಾಕಣ್‌ನಿಂದ ನೇರವಾಗಿ, ಲೀಟರಿಗೆ 6 ಕಿಲೋಮೀಟರ್. ಮುಕ್ಕಾಲಿಗಿಂತ ಕಡಿಮೆ, ಶೇ. 60ರಷ್ಟು ತುಂಬಿರತ್ತೆ ಅಂದ್ರೆ ಐದು ಗಾಡಿ ಬೇಕು. ಗಾಡಿಗೆ 75 ಲೀಟರ್, ಒಟ್ಟು 375 ಲೀಟರ್. ಹುಬ್ಬಳ್ಳಿಯಿಂದ ಆಚೆಗೆ ಹೋಗೋ ದೂರ ಇದರಲ್ಲಿ ಸೇರಿಸಿಯೇ ಇಲ್ಲ.

ಒಂದು ಲೀಟರ್ ಡೀಸೆಲ್ ಉರಿದ್ರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರತ್ತೆ. ಅಂದ್ರೆ ಒಂದು ದಾರಿಯಲ್ಲಿ 500 ಕೆ.ಜಿ., ಇನ್ನೊಂದರಲ್ಲಿ 1,000 ಕೆ.ಜಿ. ಸರಕು ಅದೇ, ರಸ್ತೆ ಅದೇ. ಗೋದಾಮಿನ ಬಾಡಿಗೆಯಲ್ಲಿ ಉಳಿಸಿದ ದುಡ್ಡನ್ನ ಡೀಸೆಲ್ ಹಾಕಿ ಸುಟ್ಟಿದ್ವಿ, ಜೊತೆಗೆ ಹೊಗೆಯನ್ನೂ ಎರಡರಷ್ಟು ಮಾಡಿದ್ವಿ. ಬಾಡಿಗೆ ಒಂದು ಇಲಾಖೆಯ ಪುಸ್ತಕದಲ್ಲಿ, ಲಾರಿ ಬಾಡಿಗೆ ಇನ್ನೊಂದು ಇಲಾಖೆಯ ಪುಸ್ತಕದಲ್ಲಿ. ಹಾಗಾಗಿ ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಗದಗದಲ್ಲಿ ಕೇಳಿದ ಮಾತು

ಆಮೇಲೆ ನಾನು ಮಾಡಬೇಕಿದ್ದ ಕೆಲಸ ಮಾಡ್ದೆ. ಮೊದಲೇ ಮಾಡಬೇಕಿತ್ತು. ಊರೂರಿಗೆ ಹೋಗಿ ವ್ಯಾಪಾರಿಗಳನ್ನ ಮಾತಾಡಿಸಿದೆ. ಗದಗದಲ್ಲಿ ಒಬ್ಬ ಹಿರಿಯ ಡಿಸ್ಟ್ರಿಬ್ಯೂಟರ್. ಚಹಾ ತರಿಸಿ, ನನ್ನ 48 ಗಂಟೆ ಕತೆ ಎಲ್ಲಾ ಕೇಳಿ ಹೇಳಿದ್ರು:

"ಸಾಹೇಬ್ರ, ಎರಡ ದಿನಕ್ಕ ಬೇಕು ಅಂತ ನಿಮಗ ಯಾರ ಕೇಳಿದ್ರಿ? ನಾ ಅಂತೂ ಕೇಳಿಲ್ಲ. ಮಂಗಳವಾರ ಬರ್ತೇವಿ ಅಂದ್ರ ಮಂಗಳವಾರ ಬರ್ರಿ. ನೀವು ಬರ್ತೀರಂತ ಹಮಾಲರನ್ನ ಕರದು ಕುಂದ್ರಿಸಿರ್ತೀನಿ, ಗಾಡಿ ಬರಂಗಿಲ್ಲ. ಅವರ ಪಗಾರ ಯಾರ ಕೊಡ್ಬೇಕು?"

ನನಗೆ ಉತ್ತರ ಕೊಡೋಕಾಗಲಿಲ್ಲ. ಯಾಕಂದ್ರೆ 48 ಗಂಟೆ ಅನ್ನೋದು ಎಲ್ಲಿಂದ ಬಂತು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ವಾಪಸ್ ಬಂದು ವಿಚಾರಿಸಿದ್ರೆ, ಎಷ್ಟೋ ವರ್ಷದ ಹಿಂದೆ ಎದುರಾಳಿ ಕಂಪನಿ 72 ಗಂಟೆ ಅಂದಿತ್ತಂತೆ. ಅದಕ್ಕೆ ನಮ್ಮವರು 48 ಅಂದ್ರು. ಅಷ್ಟೇ.

ನಾನು ಮಾತಾಡಿಸಿದ ವ್ಯಾಪಾರಿಗಳಲ್ಲಿ ಹೆಚ್ಚಿನವರು ಕೇಳಿದ್ದು ಬೇಗ ಬರೋದನ್ನಲ್ಲ, ಹೇಳಿದ ದಿನ ಬರೋದನ್ನ. ಕೇಳಿದ ಎಲ್ಲಾ ಸಾಮಾನೂ ಒಂದೇ ಸಲ ಬರಲಿ ಅನ್ನೋದು ಎರಡನೇದು. ನಾವು ಕೊಡ್ತಿದ್ದ ಸೇವೆ ಅವರಿಗೆ ಬೇಡ, ಅವರಿಗೆ ಬೇಕಾದ ಸೇವೆ ನಾವು ಕೊಡ್ತಿರಲಿಲ್ಲ. ಬೇಡದ ಸೇವೆಗೆ ದುಡ್ಡು ಸುರೀತಿದ್ವಿ, ಅದೇ ಹೊಗೆಯಾಗಿ ಹೋಗ್ತಿತ್ತು.

ನಾನು ಇವತ್ತು ಹೇಳಬೇಕು ಅಂದ್ಕೊಂಡ ಮುಖ್ಯ ಮಾತು ಇದೇ. ತ್ರಿಕೋನದ ಮೂರು ಮೂಲೆ ಸಮ ಅಲ್ಲ. ಗಿರಾಕಿಗೆ ಏನು ಮಾತು ಕೊಡ್ತೀರಿ ಅನ್ನೋದು ಮೊದಲು. ಖರ್ಚು ಮತ್ತು ಹೊಗೆ ಎರಡೂ ಅದರ ಹಿಂದೆ ಬರತ್ತೆ. ಆ ಮಾತನ್ನ ಕಣ್ಣು ಮುಚ್ಚಿ ಒಪ್ಪಿಕೊಂಡು, ಉಳಿದೆರಡನ್ನ ತೂಗ್ತಾ ಕೂತ್ರೆ ಒಂದನ್ನ ಬಿಡಲೇಬೇಕಾಗತ್ತೆ.

ಏನು ಬದಲಾಯಿಸಿದ್ವಿ

ಮೊದಲು ಮಾತನ್ನ ಬದಲಾಯಿಸಿದ್ವಿ. 48 ಗಂಟೆ ಬದಲು ಊರಿಗೊಂದು ವಾರ. ಗದಗಕ್ಕೆ ಮಂಗಳವಾರ ಮತ್ತು ಶುಕ್ರವಾರ, ಹಾವೇರಿಗೆ ಬುಧವಾರ, ಹೀಗೆ. ಮಾರಾಟ ವಿಭಾಗದವರು ಒಪ್ಪೋಕೆ ನಾಲ್ಕು ತಿಂಗಳು ಹಿಡೀತು. ಅವರ ಹೆದರಿಕೆಯೂ ಸುಳ್ಳಲ್ಲ, ಸರಕಿಲ್ಲದ ದಿನ ಅಂಗಡಿಯವನು ಬೇರೆ ಸಾಬೂನು ಮಾರ್ತಾನೆ.

ಎರಡನೇದು, ಸಾಮಾನನ್ನ ಎರಡು ಗುಂಪು ಮಾಡಿದ್ವಿ. ದಿನಾ ಓಡೋ ಸಾಮಾನು ಹತ್ತಿರ ಇರಬೇಕು. ಅದರ ಬೇಡಿಕೆ ಗೊತ್ತಿರತ್ತೆ, ಹೆಚ್ಚುವರಿ ದಾಸ್ತಾನು ಜಾಸ್ತಿ ಬೇಡ, ಲಾರಿಯೂ ಸುಲಭವಾಗಿ ತುಂಬತ್ತೆ. ಅಪರೂಪಕ್ಕೆ ಹೋಗೋ ಸಾಮಾನು ದೂರದ ದೊಡ್ಡ ಗೋದಾಮಿನಲ್ಲಿರಲಿ. ಅಣ್ಣತಮ್ಮಂದಿರ ಅಕ್ಕಿಯ ಲಾಭ ಜಾಸ್ತಿ ಸಿಗೋದು ಅಲ್ಲೇ. ಹುಬ್ಬಳ್ಳಿಯಲ್ಲಿ ಸ್ವಂತ ಡಿಪೋ ಬೇಡ ಅಂತ, ಬೇರೆ ಕಂಪನಿಗಳೂ ಬಳಸೋ ಗೋದಾಮಿನಲ್ಲಿ ಒಂದು ಭಾಗ ಬಾಡಿಗೆಗೆ ತಗೊಂಡ್ವಿ. ಅಲ್ಲಿಂದ ಊರೂರಿಗೆ ಹೋಗೋ ಗಾಡಿಯೂ ಹಂಚಿಕೆ, ನಮ್ಮ ಸಾಬೂನಿನ ಜೊತೆ ಇನ್ನೊಬ್ಬರ ಟೀಪುಡಿ.

ಮೂರನೇದು, ಜೂನ್ ಶುರುವಾಗೋ ಮುಂಚೆ ಹುಬ್ಬಳ್ಳಿಗೆ ಹತ್ತು ದಿನದ ಹೆಚ್ಚುವರಿ ಸರಕು, ಸೆಪ್ಟೆಂಬರ್ ತನಕ. ಇದಕ್ಕೆ ಖರ್ಚಾಗತ್ತೆ. ಅದನ್ನ ಮುಚ್ಚಿಡಲಿಲ್ಲ, ವಿಮೆಯ ಕಂತು ಅಂತಲೇ ಬರೆದ್ವಿ.

ನಾಲ್ಕನೇದು ಕರಾವಳಿಯದ್ದು. ಕೊಂಕಣ ರೈಲ್ವೆಯಲ್ಲಿ 1999ರಿಂದ ರೋ-ರೋ ಸೇವೆ ಇದೆ. ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಲಾರಿಯನ್ನೇ ರೈಲಿನ ಮೇಲೆ ಹತ್ತಿಸ್ತಾರೆ, ಸುರತ್ಕಲ್‌ನಲ್ಲಿ ಇಳಿಸ್ತಾರೆ. ಸುಮಾರು 700 ಕಿಲೋಮೀಟರ್ ಲಾರಿಯ ಇಂಜಿನ್ ಬಂದ್. ಡ್ರೈವರ್‌ಗೆ ಘಟ್ಟ, ತಿರುವು, ಮಳೆ ಯಾವುದರ ತಾಪತ್ರಯವೂ ಇಲ್ಲ. 2022ರಲ್ಲಿ ಆ ಮಾರ್ಗ ಪೂರ್ತಿ ವಿದ್ಯುದೀಕರಣವೂ ಆಯ್ತು. ಭಿವಂಡಿಯಿಂದ ಮಂಗಳೂರು, ಉಡುಪಿಗೆ ಹೋಗೋ ಸರಕಿಗೆ ಇಷ್ಟು ವರ್ಷ ನಾವು ಅದನ್ನ ಯೋಚನೆಯನ್ನೇ ಮಾಡಿರಲಿಲ್ಲ. ಯಾಕೆ? ಲಾರಿ ನಮ್ಮ ಹೊತ್ತಿಗೆ ಹೊರಡತ್ತೆ, ರೈಲಿನ ಹೊತ್ತಿಗೆ ನಾವು ಹೊಂದ್ಕೋಬೇಕು. ಗಂಟೆ ಲೆಕ್ಕದ ಮಾತು ಕೊಟ್ಟಾಗ ರೈಲು ಲೆಕ್ಕಕ್ಕೇ ಬರೋದಿಲ್ಲ. ವಾರದ ಲೆಕ್ಕದ ಮಾತು ಕೊಟ್ಟ ಮೇಲೆ ಅದೂ ಒಂದು ದಾರಿ ಆಯ್ತು. ಎಲ್ಲಾ ಸರಕೂ ಅದರಲ್ಲಿ ಹೋಗಲ್ಲ, ಸ್ವಲ್ಪ ಹೋಗತ್ತೆ.

ಸರಿಹೋಗದೇ ಉಳಿದದ್ದು

ಎಲ್ಲಾ ಚೆನ್ನಾಯ್ತು ಅಂತ ಹೇಳಿ ಇಳಿದುಬಿಟ್ರೆ ಸುಳ್ಳು ಹೇಳಿದಂಗಾಗತ್ತೆ.

ತಿಂಗಳ ಕೊನೇ ವಾರ ಇನ್ನೂ ಹಾಗೇ ಇದೆ. ಮಾರಾಟದ ಟಾರ್ಗೆಟ್ ಮುಟ್ಟಬೇಕು ಅಂತ ಕೊನೇ ವಾರ ಸರಕು ತಳ್ತಾರೆ. ಆ ವಾರ ಲಾರಿ ಸಿಗಲ್ಲ, ಸಿಕ್ಕಿದ್ರೆ ಬಾಡಿಗೆ ಜಾಸ್ತಿ. ಮೊದಲನೇ ವಾರ ಅದೇ ಲಾರಿಗಳು ಖಾಲಿ. ಇದನ್ನ ಗೋದಾಮು ಬದಲಾಯಿಸಿ ಸರಿಮಾಡೋಕಾಗಲ್ಲ, ಬೋನಸ್ ಲೆಕ್ಕ ಹಾಕೋ ರೀತಿ ಬದಲಾಗಬೇಕು. ಅದು ನನ್ನ ಕೈಲಿಲ್ಲ.

ಪರಿಸರದ ವರದಿಯ ವಿಷಯವೂ ಹಾಗೇ. 2022–23ರಿಂದ ಷೇರುಪೇಟೆಯ ಮೊದಲ 1,000 ಕಂಪನಿಗಳು ಸೆಬಿಗೆ ಪರಿಸರ, ಸಮಾಜದ ವಿವರ ಕೊಡಲೇಬೇಕು. ಒಳ್ಳೇದೇ. ಆದರೆ ಬಾಡಿಗೆ ಲಾರಿ ಕಂಪನಿಯದ್ದಲ್ಲ, ಅದು ಕುಡಿಯೋ ಡೀಸೆಲ್ ಎಷ್ಟು ಅಂತ ಎಷ್ಟೋ ಕಡೆ ಅಂದಾಜಿನ ಮೇಲೇ ಬರೀತಾರೆ. ಅದಕ್ಕೆ ನಾನು ನನ್ನ ತಂಡಕ್ಕೆ ಒಂದೇ ಪ್ರಶ್ನೆ ಕೊಟ್ಟಿದ್ದೀನಿ: ಗಾಡಿ ಎಷ್ಟು ತುಂಬಿ ಹೊರಟಿತು? ಅದನ್ನ ಗೇಟಿನಲ್ಲೇ ನೋಡಿ ಬರ್ಕೋಬಹುದು. ಅದೊಂದು ಸರಿಹೋದ್ರೆ ಖರ್ಚೂ ಇಳಿಯತ್ತೆ, ಹೊಗೆಯೂ ಇಳಿಯತ್ತೆ.

ಇನ್ನೊಂದು ಹೇಳಲೇಬೇಕು. ಹುಬ್ಬಳ್ಳಿಯ ಹಳೇ ಡಿಪೋವನ್ನ ಇಪ್ಪತ್ತು ವರ್ಷ ನೋಡ್ಕೊಂಡಿದ್ದ ಒಬ್ಬರಿದ್ರು. ಯಾವ ವ್ಯಾಪಾರಿ ಅಮಾವಾಸ್ಯೆ ದಿನ ಸರಕು ಇಳಿಸ್ಕೊಳ್ಳಲ್ಲ, ಯಾವ ಊರಿನಲ್ಲಿ ಸಂತೆ ಯಾವತ್ತು, ಮಳೆ ಬಂದ್ರೆ ಯಾವ ರಸ್ತೆಗೆ ಗಾಡಿ ಕಳಿಸಬಾರದು, ಎಲ್ಲಾ ಅವರ ತಲೆಯಲ್ಲಿತ್ತು. ಡಿಪೋ ಮುಚ್ಚಿದಾಗ ಅವರೂ ಹೋದ್ರು, ಅವರ ಜೊತೆ ಹಮಾಲರೂ ಹೋದ್ರು. ಹೊಸ ಜಾಗ ತಗೊಂಡಾಗ ಫೋನ್ ಮಾಡಿ ಕರೆದೆ. "ಈಗ ಮಗನ ಕಿರಾಣಿ ಅಂಗಡಿಯಾಗ ಕೂತೇನ್ರಿ, ಅರಾಮ ಅದೇನಿ" ಅಂದ್ರು. ಬರಲಿಲ್ಲ. ಊರಿಗೊಂದು ವಾರ ಅಂತ ನಾವು ನಾಲ್ಕು ತಿಂಗಳು ಕೂತು ಮಾಡಿದ ಪಟ್ಟಿ ಅವರಿಗೆ ಬಾಯಿಪಾಠ ಇದ್ದದ್ದು. ಡಿಪೋ ಮುಚ್ಚಿದ್ರೆ ಎಷ್ಟು ಉಳಿಯತ್ತೆ ಅಂತ ನಾನು ಹಾಕಿದ ಲೆಕ್ಕದಲ್ಲಿ ಅವರು ಬರೀ ಒಂದು ಸಂಬಳ.

ಕೊನೆಯದಾಗಿ, ನಾವೆಲ್ಲ ದೊಡ್ಡ ಊರಿನಲ್ಲಿದ್ದೀವಿ. ಹತ್ತು ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ಮನೆ ಬಾಗಿಲಿಗೆ ಬರತ್ತೆ. ತರಿಸ್ಕೋಬೇಡಿ ಅಂತ ನಾನು ಹೇಳಲ್ಲ, ನಾನೂ ತರಿಸ್ತೀನಿ. ಆದರೆ ಆರ್ಡರ್ ಮಾಡುವಾಗ ಕೆಲವು ಕಡೆ "ನಾಳೆ ಬಂದ್ರೂ ಪರವಾಗಿಲ್ಲ" ಅಂತ ಒಂದು ಆಯ್ಕೆ ಇರತ್ತೆ, ನೋಡಿ. ಪರವಾಗಿಲ್ಲ ಅನ್ನಿಸಿದಾಗ ಅದನ್ನ ಒತ್ತಿ. ಆ ಕಡೆ ನನ್ನಂಥವನೊಬ್ಬ ಗಾಡಿ ತುಂಬಿಸೋಕೆ ಒದ್ದಾಡ್ತಿರ್ತಾನೆ.

 ಪ್ರಶ್ನೆ ಇದ್ರೆ ಕೇಳಿ, ಚಹಾ ಬರೋವರೆಗೂ ನಾನು ಇಲ್ಲೇ ಇರ್ತೀನಿ.